ಸಾಕಿದ ಕೋಳಿ ಸಾರಾಗುವ ದಿನ

ಕೋಳಿಗೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಹಕ್ಕಿ ಜ್ವರದ ಬಗ್ಗೆ ಬರೆಯುತ್ತಾರೇನೋ ಎಂದು ಇನ್ನು ಕೆಲವರು ಊಹಿಸಿಯಾರು. ಅದಲ್ಲ. ಈ ವಾರದ ವಿಷಯ, ತಿನ್ನುವುದಕ್ಕೆಂದೇ ಸಾಕಿದ ಪ್ರಾಣಿಯ ಮೇಲೆ ಬೆಳೆಯುವ ಮಮತೆ, ಮತ್ತು ಆ ಪ್ರಾಣಿ ಒಂದು ದಿನ ಇಲ್ಲವಾದಾಗ ಮನೆಯ ಮಕ್ಕಳಿಗೂ, ಎಷ್ಟೋ ಸಲ ದೊಡ್ಡವರಿಗೂ ಆಗುವ ನೋವು. ಇದು ಕಾಯಿಲೆಯಲ್ಲ. ಆದರೆ ಹೊಟ್ಟೆನೋವು, ಊಟ ಸೇರದಿರುವುದು, ನಿದ್ದೆಯಲ್ಲಿ ಬೆಚ್ಚುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಹೀಗೆ ನಾನಾ ವೇಷ ಹಾಕಿಕೊಂಡು ವೈದ್ಯರ ಕೋಣೆಗೆ ಬರುತ್ತದೆ. ಹುಳದ ಔಷಧವಾಗಲಿ ಟಾನಿಕ್ ಆಗಲಿ ಇದಕ್ಕೆ ನಾಟುವುದಿಲ್ಲ.

ಪುತ್ತೂರು, ಸುಳ್ಯ, ಈಗ ಪ್ರತ್ಯೇಕ ತಾಲೂಕಾಗಿರುವ ಕಡಬ, ಈ ಭಾಗದಲ್ಲಿ ಮನೆಗಳು ಪೇಟೆಯ ಹಾಗೆ ಒತ್ತೊತ್ತಾಗಿಲ್ಲ. ಒಂದು ಅಡಿಕೆ ತೋಟ, ಅದರ ಮಗ್ಗುಲಲ್ಲಿ ಒಂದು ಮನೆ, ನೆರೆಮನೆಗೆ ಹೋಗಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಶಾಲೆ ಬಿಟ್ಟು ಬಂದ ಮಗುವಿಗೆ ಜೊತೆ ಎಂದರೆ ನಾಯಿ, ಬೆಕ್ಕು, ಕರು, ಮತ್ತೆ ಕೋಳಿ. ಅಜ್ಜಿ ಹೇಂಟೆಯನ್ನು ಕಾವಿಗೆ ಕೂರಿಸಿದ ದಿನದಿಂದ ಮಗು ದಿನ ಎಣಿಸುತ್ತದೆ. 21 ದಿನಕ್ಕೆ ಮರಿ ಹೊರಬಂದರೆ ಅದಕ್ಕೆ ನುಚ್ಚಕ್ಕಿ ಹಾಕುವುದು, ಗೆರಟೆಯಲ್ಲಿ ನೀರಿಡುವುದು, ಗೆದ್ದಲು ಹುಡುಕಿ ತಂದು ಕೊಡುವುದು, ಹದ್ದು ಸುತ್ತಿದರೆ ಕೂಗಿ ಓಡಿಸುವುದು, ಮಳೆ ಬಂದರೆ ಒಳಗೆ ತಂದು ಬುಟ್ಟಿ ಕವುಚುವುದು ಎಲ್ಲವೂ ಮಗುವಿನ ಪಾಲಿನ ಕೆಲಸ. ಹತ್ತು ಮರಿಗಳಲ್ಲಿ ಉಳಿಯುವುದು ನಾಲ್ಕೋ ಐದೋ. ಉಳಿದದ್ದಕ್ಕೆ ಹೆಸರು ಬೀಳುತ್ತದೆ. ಆರು ತಿಂಗಳು ಕಳೆಯುವಾಗ ಮನೆಗೆ ನೆಂಟರು ಬರುತ್ತಾರೆ, ಅಥವಾ ದೈವಕ್ಕೆ ತಂಬಿಲದ ದಿನ ಬರುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಇಷ್ಟಕ್ಕೂ ಈ ಮಮತೆ ಹುಟ್ಟುವುದು ಹೇಗೆ?

ನಾವು ಪ್ರೀತಿ ಇರುವುದರಿಂದ ಸಾಕುತ್ತೇವೆ ಎಂದುಕೊಳ್ಳುತ್ತೇವೆ. ಬಹಳ ಮಟ್ಟಿಗೆ ಅದು ತಿರುವುಮುರುವು. ಸಾಕುವುದರಿಂದ ಪ್ರೀತಿ ಹುಟ್ಟುತ್ತದೆ. ಉಣಿಸುವುದು, ಮುಟ್ಟುವುದು, ಅಪಾಯದಿಂದ ಕಾಯುವುದು, ಈ ಮೂರನ್ನು ದಿನವೂ ಮಾಡಿದವನಿಗೆ ಆ ಜೀವ 'ತನ್ನದು' ಆಗಿಬಿಡುತ್ತದೆ. ಆಸ್ಟ್ರಿಯಾ ದೇಶದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಷ್ಟು ಹಿಂದೆಯೇ ಒಂದು ಮಾತನ್ನು ತೋರಿಸಿಕೊಟ್ಟರು. ದೊಡ್ಡ ತಲೆ, ದುಂಡು ಮುಖ, ದೊಡ್ಡ ಕಣ್ಣು, ಮೆತ್ತಗಿನ ಮೈ ಇರುವ ಯಾವ ಮರಿಯನ್ನು ಕಂಡರೂ ಮನುಷ್ಯನಲ್ಲಿ ತನ್ನ ಕೂಸನ್ನು ನೋಡಿದಾಗ ಏಳುವ ಭಾವನೆಯೇ ಏಳುತ್ತದೆ. ಅದು ಕೋಳಿಮರಿಯೋ ನಾಯಿಮರಿಯೋ ಎಂದು ಮನಸ್ಸು ಕೇಳುವುದಿಲ್ಲ. ತಾಯಿ ಮಗುವಿಗೆ ಹಾಲೂಡಿಸುವಾಗ ಮೆದುಳಿನಿಂದ ಸ್ರವಿಸುವ ಆಕ್ಸಿಟೋಸಿನ್ ಎಂಬ ರಸದೂತ, ಸಾಕುಪ್ರಾಣಿಯೊಂದಿಗಿನ ಒಡನಾಟದಲ್ಲೂ ಪಾತ್ರ ವಹಿಸುತ್ತದೆ ಎಂದು ನಾಯಿ ಸಾಕುವವರ ಮೇಲೆ ನಡೆದ ಪರೀಕ್ಷೆಗಳು ಸೂಚಿಸಿವೆ. ಹಾಗಿರುವಾಗ 'ಒಂದು ಕೋಳಿಗಾಗಿ ಅಳುವುದಾ' ಎಂದು ಮಗುವನ್ನು ಗೇಲಿ ಮಾಡುವುದು ಶರೀರಧರ್ಮವನ್ನೇ ಗೇಲಿ ಮಾಡಿದಂತೆ.

ಕೋಳಿಯೇನೋ ಚೆಂದದ ಹಕ್ಕಿ, ಅದರ ಮೇಲೆ ಮಮತೆ ಬರುವುದು ಸರಿ, ಎನ್ನಬಹುದು. ಇಲಿಯ ಮೇಲೆ? ಅದೂ ಹಾವಿಗೆ ಹಾಕುವುದಕ್ಕೆಂದೇ ಸಾಕಿದ ಇಲಿಯ ಮೇಲೆ?

ವಿದೇಶಗಳಲ್ಲಿ ಹಾವು ಸಾಕುವ ಹವ್ಯಾಸ ಸಾಮಾನ್ಯ. ಆಫ್ರಿಕದ ಬಾಲ್ ಪೈಥಾನ್ ಎಂಬ ಚಿಕ್ಕ ಜಾತಿಯ ಹೆಬ್ಬಾವು, ಅಮೆರಿಕದ ಕಾರ್ನ್ ಸ್ನೇಕ್ ಇವು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬೆಳೆಯುತ್ತವೆ. ನಮ್ಮ ದೊಡ್ಡ ನಗರಗಳಲ್ಲೂ ಅಂಥವರು ಇದ್ದಾರೆ. ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು ಸರಕಾರದಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಕುಕ್ಕೆ ಸುಬ್ರಹ್ಮಣ್ಯ ಇರುವ, ತೋಟಕ್ಕೊಂದು ನಾಗಬನ ಇರುವ ನಮ್ಮ ಸೀಮೆಯವರಿಗೆ ಹಾವನ್ನು ಪೆಟ್ಟಿಗೆಯಲ್ಲಿಟ್ಟು ಸಾಕುವ ಯೋಚನೆಯೇ ವಿಚಿತ್ರವಾಗಿ ಕಾಣಬಹುದು. ಇರಲಿ. ಹಾವಿಗೆ ಆಹಾರ ಬೇಕಲ್ಲ? ಬೆಳೆದ ಹಾವಿಗೆ ಒಂದೆರಡು ವಾರಕ್ಕೊಂದು ಇಲಿ ಸಾಕು. ಅಂಗಡಿಯಲ್ಲಿ ಕೊಳ್ಳುವ ಬದಲು ಕೆಲವರು ತಾವೇ ಬಿಳಿ ಇಲಿಗಳನ್ನು ಸಾಕಲು ತೊಡಗುತ್ತಾರೆ. ಇಲಿಯ ಗರ್ಭಾವಧಿ 21ರಿಂದ 23 ದಿನ, ಹೆಚ್ಚು ಕಡಿಮೆ ನಮ್ಮ ಕೋಳಿಮೊಟ್ಟೆಯ ಲೆಕ್ಕವೇ. ಒಂದು ಸಲಕ್ಕೆ ಎಂಟು ಹತ್ತು ಮರಿ.

ಇಲ್ಲಿ ಆಗುವುದೇನೆಂದರೆ, ಸಾಕಿದವರು ಇಲಿಯನ್ನು ತಿಳಿಯುತ್ತಾ ಹೋಗುತ್ತಾರೆ. ಅದು ತನ್ನ ಒಡೆಯನನ್ನು ಗುರುತಿಸುತ್ತದೆ. ಕೈಯಿಟ್ಟರೆ ಹತ್ತಿ ಹೆಗಲಿಗೆ ಬಂದು ಕೂರುತ್ತದೆ. ಯಾಕ್ ಪಾಂಕ್‌ಸೆಪ್ ಎಂಬ ವಿಜ್ಞಾನಿ ಇಲಿಗಳಿಗೆ ಕಚಗುಳಿ ಇಟ್ಟು ನೋಡಿದಾಗ, ಮನುಷ್ಯನ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಸ್ವರದಲ್ಲಿ ಅವು ಚಿಲಿಪಿಲಿಗುಟ್ಟುವುದನ್ನು ಉಪಕರಣಗಳು ಹಿಡಿದವು. ಇದನ್ನು ಇಲಿಯ ನಗು ಎಂದೇ ಕೆಲವರು ಕರೆಯುತ್ತಾರೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕೊಳವೆಯೊಳಗೆ ಸಿಕ್ಕಿಬಿದ್ದ ಜೊತೆಗಾರನನ್ನು ಇನ್ನೊಂದು ಇಲಿ ಬಾಗಿಲು ತೆರೆದು ಬಿಡಿಸಿತು. ಪಕ್ಕದಲ್ಲಿ ಚಾಕಲೇಟು ಇಟ್ಟರೂ ಬಿಡಿಸಿತು, ಎಷ್ಟೋ ಸಲ ಚಾಕಲೇಟನ್ನು ಹಂಚಿಕೊಂಡಿತು ಕೂಡ. ಇಂಥ ಪ್ರಾಣಿಯನ್ನು ದಿನವೂ ಉಣಿಸಿ, ವಾರಾಂತ್ಯದಲ್ಲಿ ಒಂದನ್ನು ಆರಿಸಿ ಹಾವಿಗೆ ಕೊಡುವಾಗ ಕೈ ನಡುಗದೆ ಇರುತ್ತದೆಯೆ? ಹಾವಿನ ಮೇಲೂ ಅವರಿಗೆ ಮಮತೆಯೇ. ಪಾರಿವಾಳಕ್ಕೂ ಗಿಡುಗನಿಗೂ ನಡುವೆ ಸಿಕ್ಕಿದ ಶಿಬಿ ಚಕ್ರವರ್ತಿಯ ಪಾಡು ಅವರದು, ತನ್ನ ತೊಡೆಯ ಮಾಂಸ ಕೊಯ್ದುಕೊಡುವ ದಾರಿಯೊಂದನ್ನು ಬಿಟ್ಟು.

ಅವರು ಕಂಡುಕೊಂಡಿರುವ ಉಪಾಯಗಳನ್ನು ಕೇಳಿದರೆ ನಮ್ಮ ಅಜ್ಜಿಯಂದಿರ ನೆನಪಾಗುತ್ತದೆ. ಮರಿ ಹಾಕುವ ತಾಯಿ ಇಲಿಗಳಿಗೆ ಮಾತ್ರ ಹೆಸರಿಟ್ಟು, ಅವನ್ನು ಆಯುಷ್ಯ ಮುಗಿಯುವವರೆಗೂ ಸಾಕುತ್ತಾರೆ. ಹಾವಿಗೆಂದು ಇಟ್ಟವಕ್ಕೆ ಹೆಸರಿಲ್ಲ, ಅವುಗಳ ಜೊತೆ ಆಟವಿಲ್ಲ. ಕೆಲವರು ಸಾಕುವುದನ್ನೇ ಬಿಟ್ಟು, ಶೀತಲೀಕರಿಸಿದ ಇಲಿಯನ್ನು ಕೊಂಡು ತರುತ್ತಾರೆ. ನಮ್ಮಲ್ಲಿ ನಡೆದು ಬಂದದ್ದೂ ಬಹುಪಾಲು ಇದೇ. ಮೊಟ್ಟೆ ಇಡುವ ಹೇಂಟೆಯನ್ನು ಕೊಯ್ಯುವುದಿಲ್ಲ, ಹೆಚ್ಚಾದ ಹುಂಜಗಳಷ್ಟೇ ಹೋಗುತ್ತವೆ. ಹರಕೆಯ ಕೋಳಿಯೆಂದು ಹೇಳಿಬಿಟ್ಟ ಮೇಲೆ ಅದು ದೈವದ್ದು, ಅದನ್ನು ಎತ್ತಿ ಮುದ್ದಾಡುವುದಿಲ್ಲ. ಕೆಲವು ಮನೆಗಳಲ್ಲಿ ಸಾಕಿದ್ದನ್ನು ಪುತ್ತೂರಿನ ಸೋಮವಾರ ಸಂತೆಗೆ ಒಯ್ದು ಮಾರಿ, ಅಡಿಗೆಗೆ ಬೇಕಾದದ್ದನ್ನು ಬೇರೆ ಕಡೆಯಿಂದ ತರುತ್ತಾರೆ. 'ನಮ್ಮ ಕೈಯಿಂದ ಉಂಡದ್ದನ್ನು ನಾವು ಉಣ್ಣುವುದು ಬೇಡ' ಎನ್ನುವ ಹಿರಿಯರನ್ನು ನಾನೇ ಕಂಡಿದ್ದೇನೆ. ಇವೆಲ್ಲ ಬರೀ ಕಟ್ಟುಕಟ್ಟಳೆಗಳಲ್ಲ. ಸಾಕುವುದು ಮತ್ತು ಕೊಲ್ಲುವುದು ಒಂದೇ ಕೈಗೆ ಬಂದಾಗ ಮನಸ್ಸು ಮುರಿಯದಂತೆ ಜನ ಕಟ್ಟಿಕೊಂಡ ಬೇಲಿ. 'ಮಾಂಸದ ವಿರೋಧಾಭಾಸ' ಎಂಬ ಹೆಸರಿಟ್ಟು ಮನೋವಿಜ್ಞಾನಿಗಳು ಕಳೆದ ಹದಿನೈದು ವರ್ಷಗಳಿಂದ ಇದನ್ನೇ ಅಭ್ಯಾಸ ಮಾಡುತ್ತಿದ್ದಾರೆ.

ಈ ಬೇಲಿಯನ್ನು ಮಗುವಿಗೆ ಯಾರೂ ತೋರಿಸಿಕೊಡದೆ ಇದ್ದಾಗ ತೊಂದರೆ ಶುರುವಾಗುತ್ತದೆ.

ಹೆಬ್ಬಾವಿನ ಮೇಲೆ ಸಿಟ್ಟು, ಅಪ್ಪನ ಮೇಲೆ ಮುನಿಸು

ಮಳೆಗಾಲದಲ್ಲಿ ನಮ್ಮೂರುಗಳಲ್ಲಿ ಹೆಬ್ಬಾವು ಕೋಳಿಗೂಡಿಗೆ ನುಗ್ಗುವುದು ಹೊಸತಲ್ಲ. ಸಂದಿಯಲ್ಲಿ ನುಸುಳಿ ಒಳಗೆ ಬಂದು, ಒಂದು ಕೋಳಿ ನುಂಗಿ, ಹೊಟ್ಟೆ ಉಬ್ಬಿದ ಮೇಲೆ ಅದೇ ಸಂದಿಯಲ್ಲಿ ಹೊರಹೋಗಲಾರದೆ ಬೆಳಿಗ್ಗೆಯವರೆಗೆ ಅಲ್ಲೇ ಸುರುಳಿ ಸುತ್ತಿಕೊಂಡಿರುತ್ತದೆ. ಮನೆಯವರೆಲ್ಲ ಸೇರಿ ನೋಡುತ್ತಾರೆ, ಹಾವು ಹಿಡಿಯುವವರು ಬಂದು ಕಾಡಿಗೆ ಬಿಡುತ್ತಾರೆ. ತನ್ನ ಮೆಚ್ಚಿನ ಕೋಳಿಯನ್ನೇ ಹೆಬ್ಬಾವು ನುಂಗಿದರೂ ಮಕ್ಕಳು ಒಂದೆರಡು ದಿನ ಅತ್ತು, ಹಾವಿನ ಉದ್ದವನ್ನು ಶಾಲೆಯಲ್ಲಿ ಉತ್ಪ್ರೇಕ್ಷೆ ಮಾಡಿ ಹೇಳಿ, ಚೇತರಿಸಿಕೊಳ್ಳುವುದನ್ನು ಕಂಡಿದ್ದೇನೆ. ಅದೇ ಕೋಳಿಯನ್ನು ಅಪ್ಪನೋ ಮಾವನೋ ಕೊಯ್ದರೆ ತಿಂಗಳಾದರೂ ಮಗು ಸರಿಹೋಗದಿರುವುದುಂಟು. ಕೋಳಿ ಸತ್ತದ್ದು ಎರಡು ಕಡೆಯೂ ಒಂದೇ ತಾನೆ? ವ್ಯತ್ಯಾಸ ಇರುವುದು ನಂಬಿಕೆಯಲ್ಲಿ. ಹಾವು ಕಾಯುತ್ತೇನೆಂದು ಮಾತು ಕೊಟ್ಟಿರಲಿಲ್ಲ. ಮನೆಯ ದೊಡ್ಡವರು, ಬಾಯಿಬಿಟ್ಟು ಹೇಳದಿದ್ದರೂ, ಕೊಟ್ಟಿದ್ದರು. ಗೂಡಿನ ಬಾಗಿಲನ್ನು ಮಗುವಿನ ಕೈಯಿಂದಲೇ ಭದ್ರ ಮಾಡಿಸಿದವರು ಅವರು.

ಸುಳ್ಯ ಕಡೆಯ ಎಂಟು ವರ್ಷದ ಹುಡುಗನೊಬ್ಬನನ್ನು ತಾಯಿ ಕರೆತಂದಿದ್ದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. "ಡಾಕ್ಟ್ರೇ, ಇವನಿಗೆ ಒಂದು ತಿಂಗಳಿಂದ ಹೊಟ್ಟೆನೋವು. ಊಟಕ್ಕೆ ಕೂತರೆ ಶುರು. ಎರಡು ಸಲ ಹುಳದ ಮದ್ದು ಕೊಟ್ಟಾಯಿತು, ಸ್ಕ್ಯಾನಿಂಗ್ ಕೂಡ ಮಾಡಿಸಿದ್ದೇವೆ. ಏನೂ ಇಲ್ಲ ಅಂತಾರೆ" ಎಂದರು. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗಿತ್ತು. ತೂಕ ಸ್ವಲ್ಪ ಇಳಿದಿತ್ತು, ಜ್ವರವಿಲ್ಲ, ವಾಂತಿಯಿಲ್ಲ, ರಾತ್ರಿ ನೋವಿನಿಂದ ಏಳುವುದಿಲ್ಲ. ಮನೆಯಲ್ಲಿ ಯಾರ್‍ಯಾರಿದ್ದೀರಿ ಎಂದು ಕೇಳಿದೆ. ಅಮ್ಮ, ಅಪ್ಪ, ಅಜ್ಜ, ತಂಗಿ, ಎರಡು ದನ ಎಂದು ಹೇಳಿ ನಿಲ್ಲಿಸಿದ. ಕೋಳಿ ಇಲ್ಲವಾ ಎಂದೆ. ಹುಡುಗ ನೆಲ ನೋಡಿದ. ತಾಯಿಯೇ ಹೇಳಿದರು: "ಒಂದು ಕೆಂಪು ಹುಂಜ ಇತ್ತು. ಕಾಡುಬೆಕ್ಕು ಹಿಡಿಯಿತು." ಆಗ ಹುಡುಗ, ಅಮ್ಮನ ಮುಖ ನೋಡದೆ, "ಕಾಡುಬೆಕ್ಕು ಅಲ್ಲ. ಬಚ್ಚಲಿನ ಹಿಂದೆ ಪುಕ್ಕ ಇತ್ತು. ಬೂದಿಯಲ್ಲಿ ಮುಚ್ಚಿದ್ದರು" ಅಂದ.

ಅವನು ಆ ದಿನ ಸಾರು ಉಂಡಿದ್ದ. ಪುಕ್ಕ ಕಂಡದ್ದು ಮರುದಿನ.

ಹುಂಜ ಸತ್ತದ್ದಕ್ಕಿಂತ, ಗೊತ್ತಿಲ್ಲದೆ ತಾನೇ ಅದನ್ನು ತಿಂದೆನೆಂಬುದು, ಮನೆಯವರೆಲ್ಲ ಸೇರಿ ತನಗೆ ಸುಳ್ಳು ಹೇಳಿದರೆಂಬುದು ಅವನ ಹೊಟ್ಟೆಯಲ್ಲಿ ಕೂತಿತ್ತು. ತಾಯಿಗೆ ಇದು ಗೊತ್ತೇ ಇರಲಿಲ್ಲ. ಮಗನಿಗೆ ನೋವಾಗಬಾರದೆಂದೇ ಆಕೆ ಆ ಕತೆ ಕಟ್ಟಿದ್ದರು. ನಾನು ಔಷಧವೇನೂ ಬರೆಯಲಿಲ್ಲ. ಮನೆಗೆ ಹೋಗಿ ಹುಂಜವನ್ನು ಕೊಯ್ದವರೇ, ಅಂದರೆ ಅಜ್ಜನೇ, ನಡೆದದ್ದನ್ನು ಇದ್ದ ಹಾಗೆ ಹೇಳಬೇಕು, ಸುಳ್ಳು ಹೇಳಿದ್ದು ತಪ್ಪಾಯಿತು ಎನ್ನಬೇಕು, ಅಷ್ಟೇ ಎಂದೆ. ಮೊಮ್ಮಗನ ಎದುರು ತಪ್ಪಾಯಿತು ಎನ್ನಲು ಎಪ್ಪತ್ತು ದಾಟಿದ ಅಜ್ಜ ಒಪ್ಪಿಯಾರೇ ಎಂಬ ಅನುಮಾನ ನನಗಿತ್ತು. ಅವರು ಒಪ್ಪಿದ್ದಲ್ಲದೆ, ಹುಡುಗನನ್ನು ಕರೆದುಕೊಂಡು ಹೋಗಿ ಎರಡು ಹೇಂಟೆ ತಂದು, ಇವು ನಿನ್ನವು, ಇವನ್ನು ಯಾರೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರಂತೆ. ನೋವು ಎರಡು ವಾರದಲ್ಲಿ ಕಡಿಮೆಯಾಯಿತು. ಹುಡುಗ ಕೋಳಿ ತಿನ್ನುವುದನ್ನು ಮಾತ್ರ ಬಿಟ್ಟ. ಮೀನು ತಿನ್ನುತ್ತಾನೆ. ಮೀನಿಗೆ ಹೆಸರಿಲ್ಲವಲ್ಲ.

ಇಂಥ ಹೊಟ್ಟೆನೋವನ್ನು 'ನಾಟಕ' ಎನ್ನುವವರಿದ್ದಾರೆ. ಅದು ನಾಟಕವಲ್ಲ, ನೋವು ನಿಜವಾಗಿಯೂ ಇರುತ್ತದೆ. ಕರುಳಿಗೂ ಮೆದುಳಿಗೂ ನರಗಳ ದಟ್ಟವಾದ ಸಂಪರ್ಕ ಇದೆ. ದುಃಖ, ಭಯಗಳನ್ನು ಮಾತಿನಲ್ಲಿ ಹೇಳಲು ಇನ್ನೂ ಕಲಿಯದ ಮಗು ಅದನ್ನು ಹೊಟ್ಟೆಯ ಮೂಲಕ ಹೇಳುತ್ತದೆ. ಆದರೆ ಒಂದು ಎಚ್ಚರಿಕೆ: ನೋವು ಮಗುವನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಬಲಗಡೆ ಕೆಳಹೊಟ್ಟೆಯಲ್ಲಿ ಇದ್ದರೆ, ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ ಕಂಡರೆ, ಅದನ್ನು ಮನಸ್ಸಿನದ್ದೆಂದು ಬಿಡಬಾರದು. ಮೊದಲು ವೈದ್ಯರು ಹೊಟ್ಟೆ ನೋಡಲಿ, ಮನಸ್ಸಿನ ವಿಷಯ ಆಮೇಲೆ.

ಯಾವ ವಯಸ್ಸಿಗೆ ಎಷ್ಟು ಹೇಳಬೇಕು?

ಐದು ವರ್ಷದೊಳಗಿನ ಮಗುವಿಗೆ ಸಾವು ಎಂದರೆ ಎಲ್ಲೋ ಹೋಗಿ ಬರುವುದು. 'ಕೋಳಿ ಸತ್ತಿತು' ಎಂದು ಹೇಳಿದ ಮೇಲೂ 'ನಾಳೆ ಬರುತ್ತದಾ?' ಎಂದು ಕೇಳುತ್ತದೆ. ಅದಕ್ಕೆ 'ಮಲಗಿದೆ' ಎನ್ನಬೇಡಿ, ಮಗು ಮಲಗಲು ಹೆದರೀತು. 'ಸತ್ತಿತು, ಇನ್ನು ಬರುವುದಿಲ್ಲ' ಎಂಬ ಸರಳ ಮಾತನ್ನೇ ಎರಡು ಮೂರು ಸಲ ಹೇಳಿದರಾಯಿತು. ಐದರಿಂದ ಒಂಬತ್ತರವರೆಗಿನ ವಯಸ್ಸೇ ಹೆಚ್ಚು ನಾಜೂಕು. ಸಾವು ಶಾಶ್ವತ ಎಂಬುದು ತಿಳಿದಿರುತ್ತದೆ, ಆದರೆ ಯಾಕೆ ಆಯಿತು ಎಂಬುದಕ್ಕೆ ತಾನೇ ಕಾರಣ ಹುಡುಕುತ್ತದೆ. 'ನಾನು ಬಾಗಿಲು ಹಾಕಲಿಲ್ಲ', 'ನಾನು ಕೋಪದಲ್ಲಿ ಬೈದೆ, ಅದಕ್ಕೇ' ಎಂದೆಲ್ಲ ತನ್ನ ಮೇಲೆ ಹಾಕಿಕೊಳ್ಳುತ್ತದೆ. ಹತ್ತು ದಾಟಿದ ಮೇಲೆ ಎಲ್ಲ ಜೀವಕ್ಕೂ ಸಾವಿದೆಯೆಂಬುದು ಅರ್ಥವಾಗುತ್ತದೆ, ಜೊತೆಗೇ ನ್ಯಾಯ ಅನ್ಯಾಯದ ಪ್ರಶ್ನೆಗಳೂ ಏಳುತ್ತವೆ. 'ಟಾಮಿಯನ್ನು ತಿನ್ನುವುದಿಲ್ಲ, ಕೋಳಿಯನ್ನು ಯಾಕೆ ತಿನ್ನುತ್ತೀರಿ?' ಎಂದು ಹನ್ನೆರಡರ ಹುಡುಗಿ ಕೇಳಿದರೆ ಬೈದು ಬಾಯಿ ಮುಚ್ಚಿಸುವುದು ಸುಲಭ. ಅದು ಒಳ್ಳೆಯ ಪ್ರಶ್ನೆ. ಉತ್ತರ ಪೂರ್ತಿ ಗೊತ್ತಿಲ್ಲದಿದ್ದರೆ ಹಾಗೆಂದೇ ಹೇಳಬಹುದು. ಪುಣ್ಯಕೋಟಿಯ ಕತೆ ಹೇಳುವಾಗ ಹುಲಿ ಪ್ರಾಣ ಬಿಟ್ಟದ್ದನ್ನು ಹೇಳಿ ನಿಲ್ಲಿಸುತ್ತೇವೆ. ಹಸಿದ ಹುಲಿ ಮತ್ತೇನು ತಿನ್ನಬೇಕಿತ್ತು ಎಂದು ಮಕ್ಕಳು ಕೇಳಿದರೆ ತಬ್ಬಿಬ್ಬಾಗುತ್ತೇವೆ.

ನನ್ನ ಅಭಿಪ್ರಾಯದಲ್ಲಿ ಮುಖ್ಯವಾದ ಮಾತು ಹೇಳಬೇಕಾದ್ದು ಕೊಯ್ಯುವ ದಿನವಲ್ಲ, ಮರಿ ಒಡೆದ ದಿನ. 'ಇದರಲ್ಲಿ ಹೇಂಟೆಗಳು ಉಳಿಯುತ್ತವೆ, ಹುಂಜಗಳು ದೊಡ್ಡದಾದ ಮೇಲೆ ಹೋಗುತ್ತವೆ' ಎಂದು ಮೊದಲೇ ತಿಳಿಸಿಬಿಡಬೇಕು. ಮಗುವಿಗೆ ಸಾಕಲು ಮನಸ್ಸಿದ್ದರೆ ಒಂದನ್ನು ಆರಿಸಿಕೊಳ್ಳಲಿ, ಅದಕ್ಕೆ ಹೆಸರಿಡಲಿ, ಅದನ್ನು ಕೊಯ್ಯುವುದಿಲ್ಲವೆಂದು ಮಾತು ಕೊಡಿ. ಕೊಟ್ಟ ಮೇಲೆ ಎಂಥ ನೆಂಟರು ಬಂದರೂ ತಪ್ಪಬೇಡಿ. ಒಂದು ಹುಂಜದ ಬೆಲೆ ಏನು ಮಹಾ. ಕೊಯ್ಯುವುದನ್ನು ಮಗುವಿನ ಕಣ್ಣೆದುರು ಮಾಡಬೇಡಿ, 'ಗಂಡಸಾಗಬೇಕು, ನೋಡು' ಎಂದು ಹಿಡಿದು ನಿಲ್ಲಿಸುವುದಂತೂ ಬೇಡವೇ ಬೇಡ. ಹಾಗೆಯೇ ತಾನಾಗಿ ನೋಡಲು ಬಂದ ದೊಡ್ಡ ಮಗುವನ್ನು ಅಪರಾಧಿಯಂತೆ ಓಡಿಸಬೇಕಾಗಿಯೂ ಇಲ್ಲ. ಊಟಕ್ಕೆ ಬಡಿಸುವಾಗ ಇದು ಯಾವ ಕೋಳಿ ಎಂದು ಕೇಳಿದರೆ ನಿಜ ಹೇಳಿ. ಬೇಡವೆಂದರೆ ಬಿಡಿ, ಮೊಸರನ್ನ ಹಾಕಿ.

'ಮಾಂಸ ಬಿಟ್ಟರೆ ಶಕ್ತಿ ಎಲ್ಲಿಂದ ಬರಬೇಕು?' ಇದು ತಾಯಂದಿರ ಮುಂದಿನ ಪ್ರಶ್ನೆ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 23 ಗ್ರಾಂ ಪ್ರೋಟೀನು ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸು ಹೇಳುತ್ತದೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಹಿಡಿ ನೆಲಗಡಲೆಯಲ್ಲಿ ಅಷ್ಟೇ. ಹೆಸರು, ಕಡಲೆ, ಅಲಸಂಡೆ, ತೊಗರಿ ಇದ್ದೇ ಇವೆ. ಹಾಲೋ ಮೊಟ್ಟೆಯೋ ಇದ್ದರೆ ಬಿ-12ಕ್ಕೂ ಕೊರತೆಯಾಗದು. ಕಬ್ಬಿಣದ ಅಂಶಕ್ಕೆ ಬಸಳೆ, ಹರಿವೆ, ಕಾಳುಗಳು, ಜೊತೆಗೆ ಒಂದಿಷ್ಟು ಲಿಂಬೆರಸ. ಈ ಸೀಮೆಯಲ್ಲಿ ತಲೆತಲಾಂತರದಿಂದ ಮಾಂಸವನ್ನೇ ಮುಟ್ಟದ ಮನೆಗಳಲ್ಲೂ ಮಕ್ಕಳು ಆರೋಗ್ಯವಾಗಿ ಬೆಳೆದಿದ್ದಾರೆ. ಆದ್ದರಿಂದ ಗದರಿಸಿ ತಿನ್ನಿಸುವ ಅಗತ್ಯವಿಲ್ಲ. ಹೆಚ್ಚಿನ ಮಕ್ಕಳು ಕೆಲವು ತಿಂಗಳಲ್ಲಿ ತಾವಾಗಿಯೇ ತಿನ್ನಲು ತೊಡಗುತ್ತಾರೆ, ಕೆಲವರು ತೊಡಗುವುದಿಲ್ಲ. ಎರಡೂ ಸರಿಯೇ.

ದೊಡ್ಡವರ ದುಃಖ

ಮಕ್ಕಳಷ್ಟೇ ಅಲ್ಲ. ನಾವು ಎಂಬಿಬಿಎಸ್ ಓದುತ್ತಿದ್ದಾಗ ಶರೀರಶಾಸ್ತ್ರದ ಪ್ರಯೋಗಕ್ಕೆ ಕಪ್ಪೆಗಳನ್ನು ಬಳಸುತ್ತಿದ್ದರು. ಈಗ ಅದು ನಿಂತು, ಆ ಪಾಠ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆ ಕಾಲದಲ್ಲಿ ಪ್ರಾಣಿಗಳ ಕೋಣೆ ನೋಡಿಕೊಳ್ಳುತ್ತಿದ್ದ ಅಟೆಂಡರ್ ಒಬ್ಬರು ಅಲ್ಲಿನ ಮೊಲವೊಂದಕ್ಕೆ ಮನೆಯಿಂದ ಕ್ಯಾರೆಟ್ ತರುತ್ತಿದ್ದರು. ಪ್ರಯೋಗದ ಪಟ್ಟಿಯಲ್ಲಿ ಅದರ ಸರದಿ ಬಂದ ದಿನ ಅವರು ರಜೆ ಹಾಕುವರು ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳದೆ ಇದ್ದದ್ದು ಆ ವಿಭಾಗದವರ ದೊಡ್ಡತನ ಎಂದು ಈಗ ಅನ್ನಿಸುತ್ತದೆ.

2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ರೋಗ ತಡೆಯಲೆಂದು ಅರುವತ್ತು ಲಕ್ಷಕ್ಕೂ ಮೀರಿ ದನ, ಕುರಿ, ಹಂದಿಗಳನ್ನು ಕೊಂದರು. ಬಹುಪಾಲು ಮಾಂಸಕ್ಕೆಂದೇ ಸಾಕಿದ ಪ್ರಾಣಿಗಳು ಅವು, ಹೇಗೂ ಕೆಲವು ತಿಂಗಳಲ್ಲಿ ಕಸಾಯಿಖಾನೆಗೆ ಹೋಗುವಂಥವು. ಆದರೂ ರೈತರು ಕುಸಿದು ಹೋದರು. ಕಂಬ್ರಿಯಾ ಎಂಬ ಪ್ರಾಂತದ 54 ಮಂದಿ ಹದಿನೆಂಟು ತಿಂಗಳ ಕಾಲ ವಾರವಾರವೂ ಬರೆದ ದಿನಚರಿಗಳನ್ನು ಸಂಶೋಧಕರು ಓದಿ 2005ರಲ್ಲಿ ವರದಿ ಮಾಡಿದರು. ನಿದ್ದೆಯಿಲ್ಲ, ಮರುಕಳಿಸುವ ದೃಶ್ಯಗಳು, ಖಾಲಿ ಹಟ್ಟಿಯ ನಿಶ್ಶಬ್ದವನ್ನು ಸಹಿಸಲಾರದ ಸ್ಥಿತಿ. ಕೊಲ್ಲಲೆಂದೇ ಸಾಕಿದವರಿಗೂ ಸಾಕಾಣಿಕೆಯ ಒಂದು ಕ್ರಮವಿದೆ, ಹೊತ್ತಿದೆ. ಆ ಕ್ರಮ ತಪ್ಪಿ, ಹೊತ್ತಲ್ಲದ ಹೊತ್ತಿನಲ್ಲಿ, ಪರರ ಕೈಯಿಂದ ಆದದ್ದು ಅವರನ್ನು ಮುರಿಯಿತು. ನಮ್ಮಲ್ಲಿ ರಾಣಿಕೇತ್ ರೋಗ ಬಂದು ಒಂದೇ ವಾರದಲ್ಲಿ ಗೂಡು ಖಾಲಿಯಾದಾಗ ಮನೆಯ ಹೆಂಗಸರು ಕೂರುವ ರೀತಿ ನೋಡಿದವರಿಗೆ ಇದು ಅರ್ಥವಾದೀತು. ನಷ್ಟ ಹಣದ್ದಷ್ಟೇ ಎಂದು ಗಂಡಸರು ಲೆಕ್ಕ ಹಾಕುತ್ತಾರೆ.

ಬಕ್ರೀದಿಗೆ ತಂದ ಆಡನ್ನು ಕೆಲವು ದಿನ ಮನೆಯಲ್ಲೇ ಇಟ್ಟು ಸಾಕುವಾಗ ಮಕ್ಕಳು ಅದಕ್ಕೆ ಅಂಟಿಕೊಳ್ಳುವುದು, ಕಡಬ, ನೆಲ್ಯಾಡಿ ಕಡೆಯ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆ ಹಂದಿಯನ್ನು ಒಯ್ಯುವಾಗ ಮಕ್ಕಳು ಕೋಣೆ ಸೇರುವುದು, ಮಾಂಸ ತಿನ್ನದ ಮನೆಗಳಲ್ಲಿ ಗಂಡುಕರುವನ್ನು ಕೊಟ್ಟುಬಿಟ್ಟ ರಾತ್ರಿ ತಾಯಿಹಸು ಕೂಗುವುದನ್ನು ಕೇಳುತ್ತ ಮಲಗುವುದು, ಎಲ್ಲದರಲ್ಲೂ ಇರುವುದು ಒಂದೇ ನೋವು. ಯಾರ ಮನೆಯ ಮಗುವೂ ಇದರಿಂದ ಹೊರತಲ್ಲ.

ಇನ್ನೂ ಒಂದು ವರ್ಗವಿದೆ, ಅದನ್ನು ನಾವು ಹೆಚ್ಚು ಗಮನಿಸುವುದಿಲ್ಲ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದ ಮೇಲೆ ತೋಟದ ಮನೆಯಲ್ಲಿ ಒಬ್ಬರೇ ಉಳಿದ ಅಜ್ಜಿಯಂದಿರು. ಅವರಿಗೆ ನಾಲ್ಕು ಕೋಳಿಯೆಂದರೆ ಬೆಳಿಗ್ಗೆ ಏಳಲು ಒಂದು ಕಾರಣ, ದಿನವಿಡೀ ಮಾತಾಡಲು ಒಂದು ಜೊತೆ. ಅಜ್ಜಿ ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿದಾಗ, ನೋಡಿಕೊಳ್ಳುವವರಿಲ್ಲವೆಂದು ಮಗ ಬಂದು ಕೋಳಿಗಳನ್ನೆಲ್ಲ ಕೊಟ್ಟುಬಿಡುತ್ತಾನೆ. ಅವನ ದೃಷ್ಟಿಯಲ್ಲಿ ಅದು ಅನುಕೂಲ. ಮನೆಗೆ ಮರಳಿದ ಅಜ್ಜಿ ನಡಿಗೆಯ ವ್ಯಾಯಾಮ ಮಾಡುವುದಿಲ್ಲ, ಉಣ್ಣುವುದಿಲ್ಲ, ಗೋಡೆ ನೋಡುತ್ತ ಮಲಗುತ್ತಾರೆ. ಇಂಥ ಸಂದರ್ಭದಲ್ಲಿ ಒಂದು ಹೇಂಟೆಯನ್ನು ನೆರೆಮನೆಯಲ್ಲಿ ಬಿಟ್ಟು, ಆಮೇಲೆ ತಂದುಕೊಟ್ಟರೆ ಆಗುವ ಪ್ರಯೋಜನ ನಾನು ಬರೆಯುವ ಮಾತ್ರೆಗಳಿಂದ ಆಗದು. ಎದ್ದು ಕಾಳು ಹಾಕಲೇಬೇಕಾದವರು ಬೇಗ ನಡೆಯುತ್ತಾರೆ.

ಯಾವಾಗ ವೈದ್ಯರನ್ನು ಕಾಣಬೇಕು? ಮಗುವಿನ ಅಳು, ಮೌನ ಎರಡು ಮೂರು ವಾರದೊಳಗೆ ತಿಳಿಯಾಗಬೇಕು. ಆಗದೆ, ತೂಕ ಇಳಿಯುತ್ತಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, 'ನಾನೇ ಕೊಂದೆ' ಎಂದು ಪದೇ ಪದೇ ಹೇಳುತ್ತಿದ್ದರೆ ತೋರಿಸಿ. ಇದಕ್ಕೆ ವಿರುದ್ಧವಾದ ಇನ್ನೊಂದು ಲಕ್ಷಣವನ್ನೂ ಹೇಳಬೇಕು. ಪ್ರಾಣಿಗಳನ್ನು ಬೇಕೆಂದೇ, ಮತ್ತೆ ಮತ್ತೆ ಹಿಂಸಿಸಿ ಖುಷಿಪಡುವ ಮಗುವನ್ನು 'ತುಂಟ' ಎಂದು ನಕ್ಕು ಬಿಡಬೇಡಿ. ಆ ಮಗುವಿನ ಮೇಲೆಯೇ ಯಾರೋ ಕೈ ಮಾಡುತ್ತಿರುವ ಸೂಚನೆ ಅದಾಗಿರಬಹುದು. ಹತ್ತಿರದಲ್ಲಿ ಮನೋವೈದ್ಯರಿಲ್ಲದ ಊರಿನವರು ಸರಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಮೈಯ ವಿಷಯ ಎರಡು ಮಾತು. ಕೋಳಿಯನ್ನು ಎತ್ತಿ ಮುದ್ದಾಡಿದ ಕೈಯಿಂದಲೇ ಮಗು ತಿಂಡಿ ತಿನ್ನಬಾರದು. ನೋಡಲು ಆರೋಗ್ಯವಾಗಿರುವ ಕೋಳಿಯಲ್ಲೂ ಸಾಲ್ಮೊನೆಲ್ಲ ಎಂಬ ಬೇಧಿಯ ರೋಗಾಣು ಇರಬಲ್ಲದು. ಸಾಬೂನು ಹಾಕಿ ಕೈತೊಳೆದರೆ ಸಾಕು. ಉಬ್ಬಸ ಇರುವ ಮಕ್ಕಳಿಂದ ಕೋಳಿಗೂಡು ಗುಡಿಸುವ ಕೆಲಸ ಮಾಡಿಸಬೇಡಿ. ಬಿಳಿ ಇಲಿ ಸಾಕುತ್ತೇನೆಂದು ಮಗು ಹಟ ಹಿಡಿದರೆ, ಸಾಕಣೆಯಲ್ಲೇ ಹುಟ್ಟಿ ಬೆಳೆದದ್ದಾದರೆ ಅಪಾಯ ಕಡಿಮೆ. ಆದರೆ ಗೂಡಿಗೆ ತೋಟದ ಇಲಿಗಳು ಬಾರದಂತೆ ನೋಡಿಕೊಳ್ಳಬೇಕು. ಇಲಿಯ ಮೂತ್ರದಿಂದ ಬರುವ ಇಲಿ ಜ್ವರ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಮಾಮೂಲು ಅತಿಥಿ. ಗೂಡು ಸ್ವಚ್ಛ ಮಾಡುವ ಕೆಲಸ ದೊಡ್ಡವರೇ ಮಾಡಲಿ, ಕೈಗೆ ಗವಸು ಇರಲಿ, ಗಾಯವಿದ್ದ ದಿನ ಬೇಡ. ಕಚ್ಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಚೆನ್ನಾಗಿ ತೊಳೆದು, ಅದೇ ದಿನ ತೋರಿಸಿಕೊಳ್ಳಿ. ಕೆಲವು ದಿನಗಳ ಮೇಲೆ ಜ್ವರ, ಕೀಲುನೋವು, ಮೈಮೇಲೆ ಕೆಂಪು ಗುಳ್ಳೆ ಕಂಡರೆ ಇಲಿ ಕಚ್ಚಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.